ಚಂದ್ರಭಾಗಾಳ ಹಾಜರಿ

ಆಗಸ್ಟ್ ೨೦, ೨೦೧೮, ಸೋಮವಾರ

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಇವತ್ತಿನ ಒಳ್ಳೆಯ ಸುದ್ದಿ ಅದೊಂದೇ. ಬೀದರ ಬಿಟ್ಟು ಸಂತಪುರ ದಾಟುವವರೆಗೂ ಎರಡೂ ಕಡೆ ನೋಡುತ್ತ ಹೋದೆ. ಉದ್ದು ಹಳದಿ ತಿರುಗಿದೆ, ಸೋಯಾ ಮೊಣಕಾಲಿಗೂ ಬಂದಿಲ್ಲ. ಹೊಲ ಒಣಗಿದರೆ ಮಾಸ್ತರಿಕೆ ಮಾಡುವವಳಿಗೆ ಏನು ಅನ್ನಬಹುದು. ಆದರೆ ನಾನು ಹೆಡ್ ಆಗಿರುವ ಔರಾದದ ಶಾಲೆ ನಡೆಯುವುದೇ ಕೂಲಿಯವರ ಮಕ್ಕಳಿಂದ. ಕೈಯಲ್ಲಿ ಕಾಸಿದ್ದವರ ಮಕ್ಕಳು ಹಳದಿ ವ್ಯಾನಿನಲ್ಲಿ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಕೂಲಿ ನಿಂತರೆ ಉಳಿದವರು ಗಂಟು ಕಟ್ಟುತ್ತಾರೆ, ಗಂಟಿನ ಜೊತೆ ನನ್ನ ಶಾಲೆಯ ಮಕ್ಕಳ ಸಂಖ್ಯೆಯೂ ಹೋಗುತ್ತದೆ.

ಗೇಟಿನ ಹತ್ತಿರ ಸುಭದ್ರಾಬಾಯಿ ಕೂತಿದ್ದಳು. ಐದನೇ ತರಗತಿಯ ಚಂದ್ರಭಾಗಾಳ ತಾಯಿ.

"ಬೀದರಕ್ಕ ಹೋಗ್ತೇವ್ರಿ ಟೀಚರ್. ಬಿಲ್ಡಿಂಗ್ ಕೆಲಸ ಅದ ಅಂತ. ಈ ವರ್ಷ ಕಳಿ ತೆಗೀಲಿಕ್ಕೂ ಯಾರೂ ಕರಿಯಂಗಿಲ್ಲ. ಪೋರಿದು ಟಿಸಿ ಕೊಟ್ರ ಅಲ್ಲೇ ಸಾಲಿಗಿ ಹಾಕ್ತೇನಿ."

"ಟಿಸಿ ಯಾಕ ಬೇಕವ್ವಾ? ದೀಪಾವಳಿಗಿ ತಿರುಗಿ ಬರ್ತೀರಿ. ಇಲ್ಲಿಂದ ಕಿತ್ತು ಅಲ್ಲಿ ಹಚ್ಚಿ, ಅಲ್ಲಿಂದ ಕಿತ್ತು ಇಲ್ಲಿ ಹಚ್ಚಿ, ಯಾವ ಸುಖಕ್ಕ? ಹೆಸರು ಇಲ್ಲೇ ಇರ್ಲಿ. ನಾ ನೋಡ್ಕೋತೇನಿ."

ಅವಳು ಕಾಲಿಗೆ ಬಿದ್ದಳು. "ನೀವು ಅದೀರಿ ಅಂತ ಧೈರ್ಯ ನೋಡ್ರಿ" ಅಂದಳು. ಚಂದ್ರಭಾಗಾ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿಂದೆ ನಿಂತಿದ್ದಳು. ಪಾಠ ಹೋಗುವುದಿಲ್ಲವೇ ಅಂತ ಕೇಳಿದಳು. ಬಂದ ಮೇಲೆ ಹೇಳಿಕೊಡುತ್ತೇನೆ ಅಂದೆ.

ಸುಳ್ಳೇನೂ ಹೇಳಲಿಲ್ಲ. ಮೂವರು ಶಿಕ್ಷಕರು ಉಳಿಯಬೇಕಾದರೆ ಅರವತ್ತೊಂದು ಮಕ್ಕಳು ಬೇಕು, ನಮ್ಮಲ್ಲಿರುವುದು ಸರಿಯಾಗಿ ಅಷ್ಟೇ. ಒಂದು ಹೆಸರು ಹೋದರೆ ಒಬ್ಬ ಶಿಕ್ಷಕರು ಹೆಚ್ಚುವರಿ, ಅವರಿಗೆ ಬೇರೆ ಊರಿಗೆ ವರ್ಗ. ಮಾಣಿಕ ಪಾಪ, ಮೊನ್ನೆ ಮೊನ್ನೆ ಮದುವೆಯಾದ ಹುಡುಗ. ಅವನನ್ನು ಎಲ್ಲಿಗೋ ಎತ್ತಿ ಒಗೆದರೆ ಆ ಮಕ್ಕಳಿಗೆ ಗಣಿತ ಯಾರು ಕಲಿಸಬೇಕು?

ಆಗಸ್ಟ್ ೨೭, ಸೋಮವಾರ

ಒಂದು ವಾರದಿಂದ ಚಂದ್ರಭಾಗಾಳ ಹೆಸರಿನ ಮುಂದೆ ಗೈರು ಬಿದ್ದಿದೆ. ಹೀಗೇ ಬಿಟ್ಟರೆ ಆಫೀಸಿನವರು ಫೋನು ಮಾಡುತ್ತಾರೆ, ಆಮೇಲೆ ಹೆಸರು ತೆಗೆಯಿರಿ ಅನ್ನುತ್ತಾರೆ. ಮಾಣಿಕ ಬಂದು ಬಾಗಿಲ ಹತ್ತಿರ ನಿಂತ.

"ಟೀಚರ್, ಚಂದ್ರಭಾಗಾಂದು ಏನ್ ಮಾಡ್ಲಿ?"

"ಇಲ್ಲಿ ಕೊಡು."

ನಾನೇ ತಿದ್ದಿ ಹಾಜರಿ ಹಾಕಿದೆ. ಕಂಪ್ಯೂಟರಿನಲ್ಲೂ ನಾನೇ ಹಾಕಿದೆ. ಇನ್ನು ಮುಂದೆ ಐದನೆಯ ತರಗತಿಯ ಹಾಜರಿ ನಾನೇ ಕರೆಯುತ್ತೇನೆ ಅಂತ ಹೇಳಿದೆ, ಅವನ ಕೈಗೆ ಮಸಿ ಬೇಡ. ಬರಗಾಲದಲ್ಲಿ ಯಾವ ಶಾಲೆ ಇದನ್ನು ಮಾಡುವುದಿಲ್ಲ? ಇದರಿಂದ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗಲಿಲ್ಲ. ಅಡುಗೆಯ ಕೇಶರಬಾಯಿಗೆ ಮಾತ್ರ ಅಕ್ಕಿ ಎಷ್ಟು ಹಾಕಬೇಕೆಂಬ ಗೊಂದಲ. ಎಂದಿನಷ್ಟೇ ಹಾಕು ಅಂದೆ.

ಸೆಪ್ಟೆಂಬರ್ ೧೯, ಬುಧವಾರ

ಮುಂದಿನ ವಾರ ಮಕ್ಕಳ ತಲೆ ಎಣಿಸಲು ಶಿಕ್ಷಣ ಆಫೀಸಿನ ಸಾಹೇಬರು ಬರುತ್ತಾರಂತೆ. ಹಾಜರಿಯನ್ನು ಬರೆಯಬಹುದು, ತಲೆಯನ್ನು ಎಲ್ಲಿಂದ ತರುವುದು?

ಮಹಮೂದಾ ಬೇಗಂ ಬಂದರು. ನಮ್ಮ ಕಾಂಪೌಂಡಿನಲ್ಲೇ ಇರುವ ಉರ್ದು ಶಾಲೆಗೆ ಅವರು ಹೆಡ್. ಎರಡೂ ಶಾಲೆಗೆ ಒಂದೇ ಬೋರು, ಒಂದೇ ಬಿಸಿಯೂಟದ ಕೋಣೆ. ಕಷ್ಟವೂ ಒಂದೇ. ಅವರಿಗೆ ಮಕ್ಕಳು ಕಡಿಮೆ ಬಿದ್ದಾಗ ನಮ್ಮ ಮಕ್ಕಳನ್ನು ಅಲ್ಲಿ ಕೂರಿಸುತ್ತೇವೆ, ನಮಗೆ ಬಿದ್ದಾಗ ಅವರು. ಹೋದ ವರ್ಷ ನಮ್ಮ ಗೋರಖನಾಥ ಅವರ ತರಗತಿಯಲ್ಲಿ ಅಬ್ದುಲ ಖಾದರನಾಗಿ ಕೂತು ಎದ್ದು ಬಂದ. ಇಂದಿಗೂ ಹುಡುಗರು ಅವನನ್ನು ಖಾದರ ಅಂತಲೇ ಕರೆಯುತ್ತಾರೆ, ಅವನೂ ಓ ಅನ್ನುತ್ತಾನೆ.

"ಫಿಕರ್ ಮಾಡಬ್ಯಾಡ್ರಿ ಶಾಲುಬಾಯಿ" ಅಂದರು ಮಹಮೂದಾ ಬೇಗಂ. "ನಮ್ಮ ಅಕ್ತರಬೀಗ ಕಳಿಸ್ತೇನಿ. ಕನ್ನಡ ನಿಮ್ಮ ಹುಡುಗ್ರಕಿಂತ ಛಲೋ ಮಾತಾಡ್ತಾಳ."

ಸೆಪ್ಟೆಂಬರ್ ೨೫, ಮಂಗಳವಾರ

ಗೆದ್ದೆವು.

ಸಾಹೇಬರು ಹನ್ನೊಂದಕ್ಕೆ ಬಂದರು. ತಲೆ ಎಣಿಸಿದರು, ಅರವತ್ತೊಂದು ಬಂತು. ನನ್ನ ಜೀವ ಅಲ್ಲಿಗೆ ಸಮಾಧಾನವಾಯಿತು ಅನ್ನುವಷ್ಟರಲ್ಲಿ ಅವರು ನೇರವಾಗಿ ಅಕ್ತರಬೀಯ ಮುಂದೆ ಹೋಗಿ ನಿಂತರು.

"ನಿನ್ನ ಹೆಸರೇನವ್ವಾ?"

"ಚಂದ್ರಭಾಗಾ ರೀ."

"ಅಪ್ಪ ಏನ್ ಮಾಡ್ತಾನ?"

ಅಕ್ತರಬೀಯ ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಪಂಕ್ಚರ್ ಹಾಕುತ್ತಾನೆ. ನಾವು ಅವಳಿಗೆ ಹೇಳಿಕೊಟ್ಟದ್ದು ಹೆಸರೊಂದನ್ನೇ. ಅವಳು ಕಣ್ಣು ಮಿಟುಕಿಸದೆ ಹೇಳಿದಳು: "ಬೀದರದಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ್ರಿ. ನಾ ಸಾಲಿ ಬಿಡಬಾರ್ದು ಅಂತ ಇಲ್ಲೇ ಮುತ್ತ್ಯಾನ ಹತ್ರ ಬಿಟ್ಟಾರ್ರಿ."

ಸಾಹೇಬರಿಗೆ ಕಣ್ಣಲ್ಲಿ ನೀರೇ ಬಂತು ಅಂತ ಕಾಣುತ್ತದೆ. ಇಂಥ ಬರದಲ್ಲೂ ಮಕ್ಕಳನ್ನು ಉಳಿಸಿಕೊಂಡಿದ್ದೀರಿ ಅಂತ ನನ್ನ ಬೆನ್ನು ತಟ್ಟಿದರು. ಜೀಪು ಹೋದ ಮೇಲೆ ನಾನು, ಮಾಣಿಕ, ಮಹಮೂದಾ ಬೇಗಂ ಬಿದ್ದು ಬಿದ್ದು ನಕ್ಕೆವು. ಅಕ್ತರಬೀಗೆ ಬಿಸ್ಕಿಟ್ ಪುಡಿಕೆ ಕೊಟ್ಟೆ.

"ನಾಳಿಗಿ ಭೀ ನಾ ಚಂದ್ರಭಾಗಾ ಆಗ್ಲೇನ್ರಿ?" ಅಂತ ಕೇಳಿದಳು. ಬೇಡವ್ವಾ, ಇವತ್ತಿಗೆ ಮುಗಿಯಿತು ಅಂದೆ.

ಸೆಪ್ಟೆಂಬರ್ ೩೦, ಭಾನುವಾರ

ಬೆಳಿಗ್ಗೆ ಜೋಳ ಬೀಸಿಸಲು ಗಿರಣಿಗೆ ಹೊರಟೆ. ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಮೂರು ಅಂತಸ್ತಿನ ಕಟ್ಟಡ ಏಳುತ್ತಿದೆ. ಅದರ ಮುಂದೆ ಮರಳಿನ ಗುಡ್ಡೆಯ ಮೇಲೆ ಒಬ್ಬ ಹುಡುಗಿ ಮಗುವನ್ನು ಆಡಿಸುತ್ತಿದ್ದಳು. ತಲೆಗೂದಲು ಸಿಮೆಂಟಿನ ಧೂಳಿಗೆ ಬೆಳ್ಳಗಾಗಿತ್ತು. ಮೊದಲು ಗುರುತೇ ಹತ್ತಲಿಲ್ಲ.

"ನಮಸ್ತೇರಿ ಟೀಚರ್."

ಚಂದ್ರಭಾಗಾ. ಇಷ್ಟು ದೊಡ್ಡ ಬೀದರದಲ್ಲಿ ಇವರಿಗೆ ನನ್ನ ಮನೆಯ ಹಿಂದೆಯೇ ಕೆಲಸ ಸಿಗಬೇಕೇ?

"ನಿಮ್ಮ ಮನಿ ಇಲ್ಲೇ ಅದ ಅಂತ ಗೊತ್ತದರಿ ನನಗ. ದಿನಾ ಮುಂಜಾನಿ ಬಸ್ಸಿಗಿ ಓಡ್ತೀರಲ್ಲ, ಮ್ಯಾಲಿಂದ ನೋಡ್ತೇನಿ. ಕರೀಬೇಕಂತೇನಿ, ನಿಮಗ ಲೇಟಾಗ್ತದ ಅಂತ ಸುಮ್ಮನಿರ್ತೇನಿ."

ಗಿರಣಿಯಲ್ಲಿ ಚೀಲ ಮರೆತು ಬಂದೆ. ಮತ್ತೆ ಹೋಗಿ ತರಬೇಕಾಯಿತು.

ಅಕ್ಟೋಬರ್ ೩, ಬುಧವಾರ

ಮಸೀದಿಯ ಕಡೆಯ ಓಣಿಯಿಂದ ಸುತ್ತಿ ಹೋದೆ. ಬಸ್ಸು ತಪ್ಪಿತು. ಔರಾದ ಮುಟ್ಟಿದಾಗ ಹತ್ತೂವರೆ. ಹಾಜರಿ ಕರೆದೆ. ಚಂದ್ರಭಾಗಾಳ ಹೆಸರನ್ನು ಬಾಯಲ್ಲಿ ಅನ್ನಲಿಲ್ಲ, ಪೆನ್ನಿನಿಂದ ಮಾತ್ರ ಗುರುತು ಹಾಕಿದೆ.

ಅಕ್ಟೋಬರ್ ೧೮, ಗುರುವಾರ, ದಸರಾ

ರಜೆ ಇದ್ದರೂ ಮನಸ್ಸಿಗೆ ರಜೆ ಇಲ್ಲ.

ಇವತ್ತು ನಮ್ಮ ಜನ ಬೌದ್ಧ ಧರ್ಮ ಸ್ವೀಕರಿಸಿದ ನೆನಪಿನ ದಿನ. ಬಿಳಿ ಸೀರೆ ಉಟ್ಟು ವಿಹಾರಕ್ಕೆ ಹೋದೆ. ಪಂಚಶೀಲ ಹೇಳುವಾಗ ಎಂದಿನಂತೆ ನನ್ನ ದನಿಯೇ ಎಲ್ಲರಿಗಿಂತ ಮುಂದಿತ್ತು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಮೂರನೆಯದೂ ಆಯಿತು. ನಾಲ್ಕನೆಯದು ಸುಳ್ಳು ಹೇಳುವುದಿಲ್ಲ ಎಂಬ ಶೀಲ. ಅದನ್ನು ಹೇಳಲಾಗಲಿಲ್ಲ. ಪಕ್ಕದಲ್ಲಿದ್ದ ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ಕೆಮ್ಮಿ, ಐದನೆಯದಕ್ಕೆ ಹೋಗಿ ಸೇರಿಕೊಂಡೆ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಬರುವಾಗ ಬೇಕೆಂದೇ ಹಿಂದಿನ ಓಣಿಯಿಂದ ಬಂದೆ. ಚಂದ್ರಭಾಗಾಳಿಗೆ ಹೋಳಿಗೆ ಕೊಟ್ಟೆ. ಅವಳು ಅರ್ಧ ಮುರಿದು ತಮ್ಮನಿಗೆ ಕೊಟ್ಟು, ಉಳಿದರ್ಧವನ್ನು ತಾಯಿಗೆಂದು ಕಟ್ಟಿಟ್ಟಳು. ಈಗ ಯಾವ ಪಾಠ ನಡೆದಿದೆ ಅಂತ ಕೇಳಿದಳು. ಏಳನೆಯದು ಅಂದೆ. ತನ್ನ ಪುಸ್ತಕವನ್ನು ಮಳೆ ಇಲ್ಲದ ಈ ವರ್ಷವೇ ನೀರಿನ ಟ್ಯಾಂಕರು ತೋಯಿಸಿತೆಂದು ಹೇಳಿ ನಕ್ಕಳು. ನಾನೂ ನಕ್ಕೆ. ಮನೆಗೆ ಬಂದು ನೋಡಿದರೆ ಶಾಲೆಯ ಒಂದು ಹಳೆಯ ಪುಸ್ತಕ ನನ್ನ ಬ್ಯಾಗಿನಲ್ಲೇ ಇತ್ತು. ನಾಳೆ ಕೊಡಬೇಕು.

ಅಕ್ಟೋಬರ್ ೨೯, ಸೋಮವಾರ

ಪುಸ್ತಕ ಕೊಟ್ಟೆ. ನಮ್ಮ ಯಜಮಾನರು ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಇವರು ಬಸ್ ಡಿಪೋದಿಂದ ರಿಟೈರ್ ಆಗಿ ಮೊಣಕಾಲು ನೋವೆಂದು ಕೂತಿದ್ದಾರೆ, ಬಾಯಿಗೆ ಮಾತ್ರ ನೋವಿಲ್ಲ.

"ನಿನ್ನ ಸಾಲಿ ಹುಡುಗಿ ಇಲ್ಲೇ ಹಿಂದಿನ ಓಣ್ಯಾಗ ಅದಾಳ. ನೀ ದಿನಾ ಔರಾದಕ್ಕ ಯಾರಿಗಿ ಕಲಿಸ್ಲಿಕ್ಕ ಹೋಗ್ತಿ?"

ತಮಾಷೆಗೆ ಅಂದದ್ದು. ನಾನು ಅಡುಗೆಮನೆಗೆ ಹೋಗಿ ಪಾತ್ರೆ ಬಡಿದೆ.

ನವೆಂಬರ್ ೧೨, ಸೋಮವಾರ

ದೀಪಾವಳಿ ಬಂತು, ಹೋಯಿತು. ಸುಭದ್ರಾಬಾಯಿಯವರು ತಿರುಗಿ ಹೋಗಲಿಲ್ಲ. ಹೋಗಿ ಏನು ಮಾಡಬೇಕು, ಹಿಂಗಾರಿಯೂ ಕೈಕೊಟ್ಟಿದೆ.

ಸಂಜೆ ಅವಳು ಮನೆಗೇ ಬಂದಳು. ಒಳಗೆ ಬಾ ಅಂದರೂ ಬಾಗಿಲಲ್ಲೇ ಕೂತಳು. ಶಾಲೆ ಬಿಟ್ಟ ಮಕ್ಕಳನ್ನು ಹುಡುಕುತ್ತ ಸರ್ವೆಯ ಬಾಯಿಯೊಬ್ಬರು ಕಟ್ಟಡದ ಹತ್ತಿರ ಬಂದಿದ್ದರಂತೆ. ಶಾಲೆ ಬಿಟ್ಟ ಹೆಣ್ಣುಮಕ್ಕಳಿಗಾಗಿ ಬೀದರದಲ್ಲಿ ಒಂದು ವಸತಿ ಕೇಂದ್ರವಿದೆ. ಊಟ, ವಸತಿ, ಬಟ್ಟೆ ಎಲ್ಲ ಅಲ್ಲೇ, ಮುಂದಿನ ಓದನ್ನೂ ಅವರೇ ನೋಡಿಕೊಳ್ಳುತ್ತಾರೆ. ಚಂದ್ರಭಾಗಾಳನ್ನು ನೋಡಿ ಆ ಬಾಯಿಗೆ ಖುಷಿಯಾಯಿತಂತೆ.

"ಸಂಕ್ರಾಂತಿ ಅನ್ನೋದ್ರೊಳಗ ಈ ಬಿಲ್ಡಿಂಗ್ ಮುಗೀತದರಿ. ಮುಂದ ಪುಣಾಕ್ಕ ಕರೀಲಿಕತ್ತಾರ. ಅಲ್ಲಿ ಪೋರಿಗಿ ಕರ್ಕೊಂಡು ಹೋದ್ರ ಸಾಲಿ ಮುಗೀತು ಅಂತನೇ ತಿಳೀರಿ. ಇಲ್ಲಿ ಹಾಸ್ಟೆಲ್ದಾಗ ಉಳದ್ರ ಓದ್ತಾಳ. ಆದ್ರ ಕಂಪ್ಯೂಟರ್ದಾಗ ಏನೋ ತೊಂದ್ರಿ ಅದ ಅಂತರಿ."

"ಏನು ತೊಂದ್ರಿ?"

"ನಿಮ್ಮ ಮಗಳು ದಿನಾ ಔರಾದ ಸಾಲಿಗಿ ಹೋಗ್ಲಿಕತ್ತಾಳ, ಸಾಲಿ ಬಿಟ್ಟಾಳ ಅಂತ ಹ್ಯಾಂಗ ತಗೊಳ್ಳೋದು ಅಂದ್ರರಿ. ಔರಾದ ಹೆಡ್ ಮೇಡಂ ಹತ್ರ, ಈ ಹುಡುಗಿ ಆಗಸ್ಟ್ದಿಂದ ಬಂದಿಲ್ಲ ಅಂತ ಬರಿಸ್ಕೊಂಡು ಬರ್ರಿ ಅಂದ್ರು."

 ಅವಳೇ ಮುಂದೆ ಹೇಳಿದಳು, ದನಿ ಇಳಿಸಿ, ಗುಟ್ಟಿನ ಹಾಗೆ.

"ನೀವು ಪೋರಿ ಮ್ಯಾಲಿನ ಜೀವಕ್ಕ ಹಾಜರಿ ಹಾಕೀರಿ ಅಂತ ನಮಗ ತಿಳೀತದರಿ. ಹೆಸರು ಉಳೀಲಿ ಅಂತ. ಅಕಿಗಿ ಹೇಳಿದ್ರ ಕುಣೀಲಿಕತ್ತಾಳ. ಟೀಚರ್ ನನಗ ಒಂದಿನನೂ ಗೈರು ಹಾಕಿಲ್ಲ ಅಂತ."

ನೋಡ್ತೇನವ್ವಾ ಅಂದೆ. ಚಹಾ ಕುಡಿಸಿ ಕಳಿಸಿದೆ.

ನವೆಂಬರ್ ೧೯, ಸೋಮವಾರ

ಒಂದು ಸಾಲು. ಬರೆಯಲು ಎರಡು ನಿಮಿಷ ಬೇಡ. ಬರೆದರೆ ನಾನು ಇಷ್ಟು ತಿಂಗಳು ಹಾಕಿದ ಹಾಜರಿ ಸುಳ್ಳು, ಸಾಹೇಬರ ಮುಂದೆ ಕೂತ ತಲೆ ಸುಳ್ಳು. ನೋಟಿಸು ಬರುತ್ತದೆ. ಅರವತ್ತಾಗುತ್ತದೆ. ಒಬ್ಬರು ಹೆಚ್ಚುವರಿ ಆಗುತ್ತಾರೆ.

ಮಾಣಿಕ ಅಂತ ಬರೆಯಲು ಹೊರಟೆ. ಇದು ನನ್ನ ಪುಸ್ತಕ, ಇಲ್ಲಿ ಯಾರಿಗೆ ಸುಳ್ಳು ಹೇಳಲಿ? ಮಾಣಿಕನ ಹೆಂಡತಿ ಔರಾದದ ಸರ್ಕಾರಿ ದವಾಖಾನೆಯಲ್ಲಿ ನರ್ಸು, ಗಂಡಹೆಂಡತಿ ಒಂದೇ ಊರಲ್ಲಿರಲಿ ಅಂತ ಅವನಿಗೆ ವಿನಾಯಿತಿ ಇದೆ. ಇನ್ನೊಬ್ಬ ಶಿಕ್ಷಕ ಪಂಢರಿಯವರು ಬರುವ ವರ್ಷ ರಿಟೈರ್, ಅವರನ್ನೂ ಮುಟ್ಟುವುದಿಲ್ಲ. ಎದ್ದು ಹೋಗಬೇಕಾದವಳು ನಾನು. ಭಾಲ್ಕಿ ತಾಲೂಕಿನಲ್ಲೆಲ್ಲೋ ಒಳಗಿನ ಹಳ್ಳಿಗೆ ಹಾಕಿದರೆ ದಿನಾ ಬೀದರಕ್ಕೆ ಬಂದು ಹೋಗಲಾಗುವುದಿಲ್ಲ. ಇವರನ್ನು ಬಿಟ್ಟು ಅಲ್ಲೇ ಖೋಲಿ ಹಿಡಿಯಬೇಕು. ಇದು ನನಗೆ ಆಗಸ್ಟಿನಲ್ಲೇ ಗೊತ್ತಿತ್ತು.

ಡಿಸೆಂಬರ್ ೩, ಸೋಮವಾರ

ಸುಭದ್ರಾಬಾಯಿ ಒಂದು ದಿನದ ಕೂಲಿ ಬಿಟ್ಟು ಔರಾದಕ್ಕೇ ಬಂದಳು. ಬಸ್ಸಿನಲ್ಲಿ ನನ್ನ ಹಿಂದಿನ ಸೀಟಿನಲ್ಲೇ ಇದ್ದಳಂತೆ. ನಿದ್ದೆ ಮಾಡ್ತಿದ್ರಿ, ಎಬ್ಬಿಸಲಿಲ್ಲ ಅಂದಳು. ನಾನು ನಿದ್ದೆ ಮಾಡಿರಲಿಲ್ಲ. ಅವಳನ್ನು ನೋಡಿ ಕಣ್ಣು ಮುಚ್ಚಿದ್ದೆ.

ಇವತ್ತು ಒಂದು ದಾರಿ ಹೊಳೆಯಿತು. ತಲೆ ಎಣಿಸುವುದು ಮುಗಿದಿದೆ, ಈಗ ಒಂದು ಹೆಸರು ಹೋದರೆ ಈ ವರ್ಷ ಯಾರೂ ಕೇಳುವುದಿಲ್ಲ. ಆ ಚೀಟಿಯ ಬದಲು ಟಿಸಿಯನ್ನೇ ಕೊಟ್ಟರಾಯಿತು. ಇವತ್ತಿನವರೆಗೆ ಓದಿದ್ದಾಳೆ, ಇವತ್ತು ಬಿಡುತ್ತಿದ್ದಾಳೆ ಅಂತ. ನನ್ನ ಮೈಗೂ ಹತ್ತುವುದಿಲ್ಲ, ಹುಡುಗಿಯ ಕೆಲಸವೂ ಆಗುತ್ತದೆ. ಚಂದವಾಗಿ ಬರೆದು, ಸಿಕ್ಕಾ ಒತ್ತಿ ಕೊಟ್ಟೆ. ನಡತೆ ಎಂಬಲ್ಲಿ ಬಹಳ ಒಳ್ಳೆಯದು ಅಂತ ಬರೆದೆ.

"ಇದು ನಡೀತದೇನ್ರಿ?" ಅಂದಳು.

"ನಡೀತದ. ಆ ಚೀಟಿಗಿಂತ ಇದು ದೊಡ್ಡದು."

ಅವಳು ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಮಹಮೂದಾ ಬೇಗಂ ವರಾಂಡದಿಂದ ನೋಡುತ್ತಿದ್ದರು. 

ಡಿಸೆಂಬರ್ ೧೦, ಸೋಮವಾರ

ನಡೆಯಲಿಲ್ಲ.

ಚಂದ್ರಭಾಗಾ ಬೆಳಿಗ್ಗೆ ನನ್ನ ದಾರಿ ಕಾದು ನಿಂತಿದ್ದಳು. ಕೇಂದ್ರದವರು ಟಿಸಿ ನೋಡಿ, ನೀನು ಮೊನ್ನೆ ತನಕ ಶಾಲೆಗೆ ಹೋದವಳು, ಶಾಲೆ ಬಿಟ್ಟವಳಲ್ಲ, ಹತ್ತಿರದ ಶಾಲೆಗೆ ಸೇರಿಕೋ ಅಂದರಂತೆ. ಹತ್ತಿರದ ಶಾಲೆಗೆ ಹಾಸ್ಟೆಲ್ ಇಲ್ಲ. ತಿಂಗಳೊಪ್ಪತ್ತಿನಲ್ಲಿ ಪುಣೆಗೆ ಹೋಗುವವಳಿಗೆ ಅದರಿಂದ ಏನಾಗಬೇಕು?

"ನೀವು ಬಂದು ಹೇಳಿದ್ರ ತಗೋತಾರೇನ್ರಿ ಟೀಚರ್? ಬ್ಯಾಚ್ ಭರ್ತಿ ಆಗ್ಲಿಕತ್ತದ ಅಂದ್ರು."

ಬಸ್ಸಿಗೆ ಹೊತ್ತಾಯಿತು ಅಂದೆ. ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಡಿಸೆಂಬರ್ ೧೪, ಶುಕ್ರವಾರ

ಮಹಮೂದಾ ಬೇಗಂ ನಮಾಜು ಮುಗಿಸಿ ನನ್ನ ಕೋಣೆಗೆ ಬಂದರು. ಎಲ್ಲವನ್ನೂ ಹೇಳಿದೆ. ಸಮಾಧಾನ ಹೇಳುತ್ತಾರೆ ಅಂದುಕೊಂಡಿದ್ದೆ. ಎಲ್ಲರೂ ಮಾಡ್ತಾರೆ ಬಿಡ್ರಿ ಅನ್ನುತ್ತಾರೆ ಅಂತ.

"ಸಾಹೇಬ್ರ ಮುಂದ ಒಂದು ತಾಸು ಒಬ್ಬಾಕಿಗ ಕೂಡಸೋದು ಬ್ಯಾರೆ, ಶಾಲುಬಾಯಿ" ಅಂದರು. "ಒಂದು ಹುಡುಗಿ ನಸೀಬದ ಮ್ಯಾಲ ನಾವು ಕೂಡೋದು ಬ್ಯಾರೆ. ಬರ್ಕೊಡ್ರಿ. ಅಕ್ತರಬೀ ಕೂತಿದ್ಲು ಅಂತ ನನ್ನ ಹೆಸರೂ ಬರೀರಿ, ನನಗೇನೂ ಅಡ್ಡಿಯಿಲ್ಲ."

ಅವರ ಮೇಲೆ ಸಿಟ್ಟು ಬಂತು.  ಅವರಿಗೇನು, ಮನೆ ಶಾಲೆಯ ಹಿಂದೆಯೇ ಇದೆ.

ಡಿಸೆಂಬರ್ ೧೮

ಬರೆಯಲಿಲ್ಲ.

ಡಿಸೆಂಬರ್ ೨೧

ಬರೆದೆ. ಹರಿದೆ. "ಅನಿಯಮಿತವಾಗಿ ಬರುತ್ತಿದ್ದಳು" ಅಂತ ಬರೆದಿದ್ದೆ. ಎಷ್ಟು ಚಂದದ ಮಾತು. ಯಾರ ಮೈಗೂ ಹತ್ತದ ಮಾತು.

ಡಿಸೆಂಬರ್ ೨೭, ಗುರುವಾರ

ಇವರಿಗೆ ಹೇಳಿದೆ. ಹಳ್ಳಿಗೆ ಹಾಕಿದರೆ ಹೇಗೆ ಅಂತ ಕೇಳಿದೆ. ಇವರು ಬಹಳ ಹೊತ್ತು ಮೊಣಕಾಲು ತಿಕ್ಕಿಕೊಂಡರು. "ನಾ ಅನ್ನ ಬೇಯಿಸ್ಕೋತೇನಿ" ಅಂದರು. ಅಷ್ಟೇ. ನಾನು ಇಷ್ಟು ದಿನ ಇವರ ಮೊಣಕಾಲನ್ನು ಮುಂದೆ ಮಾಡಿಕೊಂಡು ಅದರ ಹಿಂದೆ ಕೂತಿದ್ದೆ ಅಂತ ಅನಿಸಿ ನಾಚಿಕೆಯಾಯಿತು.

ಜನವರಿ ೨, ೨೦೧೯, ಬುಧವಾರ

ಬೆಳಿಗ್ಗೆ ಹಿಂದಿನ ಓಣಿಯಿಂದಲೇ ಹೋದೆ. ಕಟ್ಟಡಕ್ಕೆ ಗಿಲಾವು ನಡೆದಿದೆ. ಚಂದ್ರಭಾಗಾ ತಲೆಯ ಮೇಲೆ ಮರಳಿನ ಬುಟ್ಟಿ ಹೊತ್ತು ಹಲಗೆಯ ಮೇಲೆ ಹತ್ತುತ್ತಿದ್ದಳು. ಮಗುವನ್ನು ಕೆಳಗೆ ಸೀರೆಯ ಜೋಲಿಯಲ್ಲಿ ಮಲಗಿಸಿದ್ದರು. ಅಂದರೆ ಈಗ ಅವಳಿಗೂ ಕೂಲಿ. ನನ್ನನ್ನು ನೋಡಿದಳು. ಕತ್ತು ತಿರುಗಿಸಿದರೆ ಬುಟ್ಟಿ ಬೀಳುತ್ತದೆ, ಅದಕ್ಕೆ ಮುಂದೆ ನೋಡುತ್ತಲೇ "ನಮಸ್ತೇರಿ ಟೀಚರ್" ಅಂದಳು.

ಬಸ್ ಸ್ಟ್ಯಾಂಡಿಗೆ ಹೋಗಿ ಔರಾದದ ಬಸ್ಸು ಹತ್ತಿದೆ. ಹುಡುಗಿಗೆ ಹತ್ತು ವರ್ಷ. ಸಂತಪುರದವರೆಗೂ ಅಳು ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಕಂಡಕ್ಟರ್ ನೀರು ಕೊಟ್ಟ.

ಶಾಲೆಗೆ ಹೋದವಳೇ ಬರೆದೆ. ಹಾಜರಿಯನ್ನೂ ಕರೆಯಲಿಲ್ಲ, ಮೊದಲು ಅದನ್ನೇ ಬರೆದೆ. "ಕುಮಾರಿ ಚಂದ್ರಭಾಗಾ ಆಗಸ್ಟ್ ತಿಂಗಳಿನಿಂದ ಶಾಲೆಗೆ ಹಾಜರಾಗಿಲ್ಲ. ಅವಳ ಹೆಸರಿಗೆ ಹಾಜರಿ ಹಾಕಿದವಳು ನಾನು, ತಪ್ಪು ನನ್ನದು, ಹುಡುಗಿಯದಾಗಲಿ ಅವಳ ತಂದೆತಾಯಿಯದಾಗಲಿ ಅಲ್ಲ." ಸಹಿ, ಸಿಕ್ಕಾ. ಮಹಮೂದಾ ಬೇಗಂರ ಹೆಸರು ಬರೆಯಲಿಲ್ಲ. ಅವರು ಓದಿ, ನನ್ನದೆಲ್ಲಿ ಅಂತ ಜಗಳಕ್ಕೇ ನಿಂತರು.

ಜನವರಿ ೪, ಶುಕ್ರವಾರ

ನಿನ್ನೆ ರಜೆ ಹಾಕಿ ಕೇಂದ್ರಕ್ಕೆ ಹೋದೆ. ವಾರ್ಡನ್ ಒಳ್ಳೆಯ ಹೆಂಗಸು. ಚೀಟಿ ಓದಿದರು, ನನ್ನ ಮುಖ ನೋಡಿದರು, ಮತ್ತೆ ಚೀಟಿ ಓದಿದರು.

"ಇದನ್ನೇ ನವೆಂಬರ್ದಾಗ ತಂದಿದ್ರ ಜಾಗಾ ಇತ್ತಲ್ರಿ ಮೇಡಂ. ಡಿಸೆಂಬರ್ ಕೊನಿಗಿ ಭರ್ತಿ ಆಯ್ತು. ಈಗ ಒಂದು ಹಾಸಿಗಿನೂ ಇಲ್ಲ. ಜೂನ್ದಾಗ ಹೊಸ ಬ್ಯಾಚ್ ತಗೋತೇವಿ. ಹುಡುಗಿಗಿ ಕರ್ಕೊಂಡು ಈ ಚೀಟಿ ತರ್ಲಿ."

ನೆಲದ ಮೇಲೆ ಮಲಗುತ್ತಾಳೆ ಅಂದೆ. ನನ್ನ ಮನೆಯಲ್ಲಿ ಮಲಗಿ ಹಗಲು ಬರುತ್ತಾಳೆ ಅಂದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು.

ಇವತ್ತು ಆಫೀಸಿಗೆ ಹೋಗಿ ಆ ಚೀಟಿಯದೇ ಒಂದು ಪ್ರತಿ ಕೊಟ್ಟೆ. ಬೆನ್ನು ತಟ್ಟಿದ್ದ ಸಾಹೇಬರೇ ಇದ್ದರು. ಯಾಕ್ರಿ ಮೇಡಂ, ಸುಮ್ಮನಿದ್ರ ಯಾರು ಕೇಳ್ತಿದ್ರು ಅಂದರು. ನೋಟಿಸು ಬರುತ್ತದೆ. ಹೆಚ್ಚುವರಿಯ ಪಟ್ಟಿಯಲ್ಲಿ ಹೆಸರು ಹಾಕುತ್ತಾರಂತೆ, ಭಾಲ್ಕಿ ತಾಲೂಕಿನ ಖಟಕ ಚಿಂಚೋಳಿಯ ಕಡೆ ಜಾಗ ಖಾಲಿ ಇದೆಯಂತೆ. ಬರಲಿ. ಹುಡುಗಿಗೆ ಸ್ವೆಟರ್ ಇಲ್ಲ, ಪುಣೆಯಲ್ಲಿ ಚಳಿ ಎಷ್ಟಿರುತ್ತದೋ.

ಜನವರಿ ೬, ಭಾನುವಾರ

ಸುಭದ್ರಾಬಾಯಿಯ ತಗಡಿನ ಶೆಡ್ಡಿಗೆ ಹೋಗಿ ಕೂತೆ. ಚಂದ್ರಭಾಗಾ ನೀರು ತರಲು ಟ್ಯಾಂಕರಿನ ಹತ್ತಿರ ಹೋಗಿದ್ದಳು. ಜೂನಿನವರೆಗೆ ಅವಳನ್ನು ನನ್ನ ಮನೆಯಲ್ಲಿ ಬಿಡು, ಊಟ ಓದು ಎಲ್ಲ ನನ್ನದು ಅಂತ ಕೇಳಿದೆ. ಸುಭದ್ರಾಬಾಯಿ ಕೈ ಹಿಡಿದುಕೊಂಡಳು. ಇಷ್ಟೇ ಅಂದಳು: "ಸಣ್ಣವನಿಗಿ ಯಾರು ನೋಡ್ಕೋಬೇಕ್ರಿ ಟೀಚರ್? ನಾವಿಬ್ಬರೂ ಮ್ಯಾಲ ಇರ್ತೇವಿ."

 ನವೆಂಬರಿನಲ್ಲಾದರೆ ಮಗುವನ್ನು ನೋಡಿಕೊಳ್ಳಲು ಅವಳ ಅತ್ತೆ ಬರುತ್ತಿದ್ದರಂತೆ. ಹಾಸ್ಟೆಲ್ ಇಲ್ಲವೆಂದಾದ ಮೇಲೆ ಅತ್ತೆಯೂ ಕಬ್ಬು ಕಡಿಯುವ ಗ್ಯಾಂಗಿನ ಜೊತೆ ಹೋಗಿಬಿಟ್ಟರಂತೆ.

ಜನವರಿ ೧೨, ಶನಿವಾರ

ಇವತ್ತು ಹೋದರು.

ಮಧ್ಯಾಹ್ನದ ಪುಣೆ ಬಸ್ಸು. ಅರ್ಧ ದಿನದ ಶಾಲೆ ಮುಗಿಸಿ ಓಡಿ ಬಂದೆ. ಬೀದರ ಬಸ್ ಸ್ಟ್ಯಾಂಡಿನಲ್ಲಿ ಗಂಟು, ಸಲಿಕೆ, ನೀರಿನ ಕೊಡಗಳ ನಡುವೆ ಅವರು ಕೂತಿದ್ದರು. ನಮ್ಮ ಕಡೆಯ ಇನ್ನೂ ಎಷ್ಟೋ ಮನೆಯವರಿದ್ದರು. ಚಂದ್ರಭಾಗಾ ನಾನು ಕೊಟ್ಟ ಸ್ವೆಟರನ್ನು ಬಿಸಿಲಿನಲ್ಲೂ ಹಾಕಿಕೊಂಡಿದ್ದಳು.

ಚೀಟಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ ಕೊಟ್ಟೆ. ಜೂನಿನಲ್ಲಿ ಇದನ್ನು ತೆಗೆದುಕೊಂಡು ಬನ್ನಿ, ಬಸ್ಸಿನ ಖರ್ಚು ನನ್ನದು, ನಾನೇ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಎರಡೆರಡು ಸಲ ಹೇಳಿದೆ. ಸುಭದ್ರಾಬಾಯಿ ಅದನ್ನು ಮಗಳ ಕೈಗೆ ಕೊಟ್ಟಳು.

"ಏನ್ ಬರ್ದಾರ ಓದಬೇ. ನಿಮ್ಮ ಅಪ್ಪನೂ ಕೇಳ್ಲಿ."

ಚಂದ್ರಭಾಗಾ ನನ್ನ ತರಗತಿಯಲ್ಲಿ ಎಲ್ಲರಿಗಿಂತ ಬೇಗ ಓದುತ್ತಿದ್ದವಳು. ಈಗ ಅಕ್ಷರದ ಮೇಲೆ ಬೆರಳಿಟ್ಟುಕೊಂಡು ಬಿಡಿಸಿ ಬಿಡಿಸಿ ಓದಿದಳು. "ಕುಮಾರಿ ಚಂದ್ರಭಾಗಾ... ಆಗಸ್ಟ್ ತಿಂಗಳಿನಿಂದ... ಶಾಲೆಗೆ... ಹಾಜರಾಗಿಲ್ಲ."

ಅಲ್ಲಿಗೆ ನಿಲ್ಲಿಸಿದಳು. ಬೆರಳು ಆ ಶಬ್ದದ ಮೇಲೆಯೇ ಇತ್ತು. ಮುಖ ಕೆಂಪಾಯಿತು. ತಾಯಿಯ ಕಡೆ ನೋಡಿದಳು, ಅಪ್ಪನ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ತಪ್ಪಾಯ್ತರಿ ಟೀಚರ್" ಅಂದಳು. "ನಾ ಬರಬೇಕಂತೇ ಇದ್ದೆರಿ."

"ಸಣ್ಣ ಪೋರಿ, ಮನಸ್ಸಿಗಿ ಹಚ್ಕೋಬ್ಯಾಡ್ರಿ" ಅಂದಳು ಸುಭದ್ರಾಬಾಯಿ, ನನ್ನನ್ನೇ ಸಮಾಧಾನ ಮಾಡುವಂತೆ. "ಟೀಚರ್ ಖರೇನೇ ಬರ್ದಾರ. ನಾವೇ ಕಳಿಸಲಿಲ್ಲ, ತಪ್ಪು ನಮ್ದೇ ಅದರಿ."

ಅಷ್ಟರಲ್ಲಿ ಬಸ್ಸು ಬಂತು. ಎಲ್ಲರೂ ಗಂಟು ಎತ್ತಿಕೊಂಡು ಬಾಗಿಲಿಗೆ ನುಗ್ಗಿದರು. ಚಂದ್ರಭಾಗಾ ಚೀಟಿಯನ್ನು ಮಡಚಿ ಸ್ವೆಟರಿನೊಳಗೆ ಹಾಕಿಕೊಂಡು, ತಮ್ಮನನ್ನು ಎತ್ತಿಕೊಂಡು ಹತ್ತಿದಳು. ಅದರ ಕೆಳಗೆ ಇನ್ನೊಂದು ಸಾಲಿದೆ, ಅದನ್ನೂ ಓದು ಅಂತ ನಾನು ಹೇಳಬೇಕಿತ್ತು. ಬಾಯಿ ತೆರೆದಿದ್ದೆ. ಸುತ್ತಲೂ ಔರಾದದ ಜನ, ನನ್ನ ಶಾಲೆಯ ಮಕ್ಕಳ ತಾಯಿತಂದೆಯರು ನಿಂತಿದ್ದರು, ಎಲ್ಲರೂ ನನಗೆ ಕೈ ಮುಗಿಯುತ್ತಿದ್ದರು. ನಾನೂ ಕೈ ಮುಗಿದೆ.